ಉಡ ಅಲ್ಲ, ಇಗ್ವಾನಾ: ಬೆಳಗಾವಿಯ ಒಂದು ಬಾಡಿಗಿ ಮನಿ ಪ್ರಕರಣ

ಹಿನ್ನೆಲೆ

ಬೆಳಗಾವಿ ದಕ್ಷಿಣ ಭಾಗದ ಒಂದು ಹಳೇ ಬಡಾವಣಿ, ಕೆಳಗ ಮಾಲಕ್ರು ಇರ್ತಾರ, ಮ್ಯಾಲಿನ ಮಜಲಿ ಬಾಡಿಗಿಗೆ. ಗುರ್ತು ಸಿಗಲಾರದಂಗ ಓಣಿ, ಉದ್ಯೋಗ ಎಲ್ಲಾ ಬದ್ಲಿ ಮಾಡೀನಿ, ಎರಡೂ ಪಾರ್ಟಿ ಬರೀರಿ ಅಂತ ಒಪ್ಪ್ಯಾರ. ನಾನು ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲ, ಬಾಡಿಗಿ ಜಗಳ ಅಂದ್ರ ನಮಗ ದಿನಾ ಇದ್ದಿದ್ದ: ಡಿಪಾಸಿಟ್ ವಾಪಸ್ ಕೊಡವಲ್ರು, ಮಗನ ಲಗ್ನ ಐತಿ ಮನಿ ಬಿಡ್ರಿ ಅಂತಾರ, ಗೋಡಿ ಹಾಳ ಮಾಡ್ಯಾರ. ಪ್ರಾಣಿ ಸಲುವಾಗಿ ಮನಿ ಬಿಡ್ಸೋದು ಇತ್ತಿತ್ಲಾಗ ಶುರು ಆಗೇತಿ, ಅದೂ ನಾಯಿ ಬೆಕ್ಕಲ್ಲ, ಹೊರದೇಶದ ಹಕ್ಕಿ, ಹಲ್ಲಿ ಜಾತಿ ಇಂಥಾವು.

ಬಾಡಿಗಿಗೆ ಇದ್ದವರು ಗಂಡ ಹೆಂಡ್ತಿ. ಹೆಂಡ್ತಿ ಖಾಸಗಿ ಶಾಲ್ಯಾಗ ಟೀಚರ್, ಗಂಡ ಉದ್ಯಮಬಾಗ ಕಡೆ ಒಂದು ಮಷೀನ್ ಶಾಪ್‌ನಾಗ ಕೆಲಸ. ಅಗ್ರಿಮೆಂಟ್ ಟೀಚರ್ ಹೆಸರಿಲೆ ಆಗಿತ್ತು, ಯಾಕಂದ್ರ ಊರಿಗೆ ಮೊದಲ ಬಂದವರು ಅವರ, ಗಂಡ ಆಮ್ಯಾಲ ಪುಣೆ ಬಿಟ್ಟ ಬಂದಿದ್ದು. ಬಾಡಿಗಿ 9,500, ಡಿಪಾಸಿಟ್ 60,000, ಕೋರ್ಟ್ ಹತ್ರ ಟೈಪ್ ಮಾಡೋರ ಕಡೆ ಸಿಗ್ತೈತಲ್ಲ ಅದ 11 ತಿಂಗಳದ ರೆಡಿಮೇಡ್ ಅಗ್ರಿಮೆಂಟ್. ಪ್ರಾಣಿ ಬಗ್ಗೆ ಅದ್ರಾಗ ಒಂದ ಅಕ್ಷರ ಇರ್ಲಿಲ್ಲ, "ನೆರೆಹೊರೆಯವರಿಗೆ ತೊಂದರೆಯಾಗುವಂತಹ ಕೃತ್ಯ ಮಾಡತಕ್ಕದ್ದಲ್ಲ" ಅಂತ ಒಂದ ಸಾಲು ಅಷ್ಟ. ಕರೆಂಟ್ ಬಾಡಿಗ್ಯಾಗ ಸೇರಿ ಅಂತ ಬಾಯಿಮಾತಿಲೆ ಮಾತಾಗಿತ್ತು, ಮ್ಯಾಲ ಕೆಳಗ ಎರಡಕ್ಕೂ ಒಂದ ಮೀಟರ್, ಗೃಹಜ್ಯೋತಿ ಒಳಗ ಬಿಲ್ ಶೂನ್ಯ ಬರ್ತಿತ್ತು, ಹಿಂಗಾಗಿ ಮಾಲಕ್ರು ಅದರ ಲೆಕ್ಕಾನ ತಗೀಲಿಲ್ಲ. ಈ ಬಾಯಿಮಾತು ನೆನಪಿಟ್ಕೊಳ್ರಿ.

ಮನಿ ಹಿಡಿಯೋ ಮುಂದ ಟೀಚರ್ "ಕಾಕಾ, ಎರಡ ಹಕ್ಕಿ ಅದಾವ್ರಿ" ಅಂದಿದ್ರು, ಮಾಲಕ್ರು ನಕ್ಕು ನಮ್ಮ ಆಯಿದೂ ಒಂದ ಗಿಣಿ ಐತಿ ತಗೋರಿ ಅಂದಿದ್ರಂತ. ಎರಡ ಹಕ್ಕಿ ಅಂದ್ರ ಸನ್ ಕೊನ್ಯೂರ್, ದಕ್ಷಿಣ ಅಮೆರಿಕಾದ ಹಳದಿ ಕಿತ್ತಳಿ ಬಣ್ಣದ ಗಿಣಿ ಜಾತಿ, ನೋಡಾಕ ಚಂದ, ಆದ್ರ ನಸಿಕಿಲೆ ಮತ್ತ ಹೊತ್ತು ಮುಳುಗೋ ಹೊತ್ತಿಗೆ ಕಿರಚಾಕ ಹತ್ತಿದ್ರ ಓಣಿ ತುದಿ ತನಕ ಕೇಳ್ತೈತಿ. ಹೇಳದ ಇದ್ದದ್ದು ಮೂರನೇದು. ಗಂಡ ಪುಣೆ ಇದ್ದಾಗಿಂದ ಸಾಕಿದ್ದ ಹಸರು ಇಗ್ವಾನಾ, ಅಂದ್ರ ಹೊರದೇಶದ ಒಂದ ದೊಡ್ಡ ಹಲ್ಲಿ ಜಾತಿ, ಬಾಲ ಸೇರಿ ನಾಕ ಫೂಟ್ ಮ್ಯಾಲ. ಅದನ್ನ ರಾತ್ರಿ ಕಾರಿನಾಗ ತಂದು ಹಿಂದಿನ ಖೋಲ್ಯಾಗ ಇಟ್ಟಿದ್ರು. ಹೇಳಿದ್ರ ಮನಿ ಕೊಡಂಗಿಲ್ಲ ಅಂತ ಅಂಜಿಕಿ. ಆ ಅಂಜಿಕಿ ಖರೇನ ಇತ್ತು, ಆದ್ರ ಮುಂದಿನದೆಲ್ಲಾ ಅಲ್ಲಿಂದನ ಬಂತು.

ಜಗಳ ಹತ್ತಿದ್ದು

11 ತಿಂಗಳ ಮುಗದು ಹೊಸಾ ಅಗ್ರಿಮೆಂಟ್ ಮಾಡ್ಸದ ಹಂಗ ನಡದಿತ್ತು, ಬಾಡಿಗಿ ಪ್ರತಿ ತಿಂಗಳ ಫೋನ್‌ಪೇ. ಎರಡನೇ ಮಳಿಗಾಲದಾಗ ಬಚ್ಚಲದ ಪೈಪ್ ಸೋರಾಕ ಹತ್ತಿ ಪ್ಲಂಬರ್ ಬಂದ, ಹಿಂದಿನ ಖೋಲಿ ಬಾಗಲಾ ತಗದ, ಬಲ್ಬಿನ ಕೆಳಗ ಮಲಗಿದ್ದ ಪ್ರಾಣಿ ಕಂಡು ಪಾನಾ ಅಲ್ಲೇ ಬಿಟ್ಟ ಕೆಳಗ ಓಡಿದ. ಸಂಜಿ ಅನ್ನೋದ್ರಾಗ "ಮ್ಯಾಲಿನವರು ಉಡ ಇಟ್ಟಾರ" ಅಂತ ಓಣಿ ತುಂಬ ಸುದ್ದಿ. ಯಾರೋ ಅರಣ್ಯ ಇಲಾಖೆಗೆ ಫೋನ್ ಮಾಡಿದ್ರು.

ಉಡ ಅನ್ನೋದು ಸಣ್ಣ ಮಾತಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಶೆಡ್ಯೂಲ್ 1ರಾಗಿನ ಪ್ರಾಣಿ, ಹುಲಿ ಇರೋ ಅದ ಪಟ್ಟಿ, ಮನ್ಯಾಗ ಸಿಕ್ರ ಅರೆಸ್ಟ್ ಆಗೋ ಕೇಸು. ಮಾಲಕ್ರಿಗೆ ತಮ್ಮ ಮನಿ ಮ್ಯಾಲ ರೇಡ್ ಬಿದ್ದು ತಮ್ಮ ಹೆಸರೂ ಪೇಪರಿನಾಗ ಬರ್ತೈತಿ ಅನ್ನೋ ಹೆದರಿಕಿ. ರಾತ್ರೀನ ಮ್ಯಾಲ ಹತ್ತಿ ಬಂದು, "ಬಾಯಾರ, ರವಿವಾರದೊಳಗ ಮನಿ ಖಾಲಿ ಮಾಡ್ರಿ, ಇಲ್ಲಂದ್ರ ಸಾಮಾನು ನಾನ ಹೊರಗ ಇಡ್ತೀನಿ" ಅಂದ್ರು. ಮರುದಿನಾ ಮ್ಯಾಲಿನ ಟಾಕಿಗೆ ನೀರ ಏರ್ಸೋದು ಬಂದ್.

ಅರಣ್ಯ ಗಾರ್ಡ್ ಬಂದಾಗ ಟೀಚರ್ ಒಬ್ಬರ ಇದ್ರು. ಅವರು ಒಂದ ಕೆಲಸ ಬರೋಬ್ಬರಿ ಮಾಡಿದ್ರು: ಬಾಗಲಾ ಹಾಕ್ಕೊಳ್ಳಲಿಲ್ಲ, ವಾದ ಮಾಡ್ಲಿಲ್ಲ, ಒಳಗ ಕರದು ತೋರಿಸಿದ್ರು. ಗಾರ್ಡ್ ಮೊಬೈಲ್ ಟಾರ್ಚ್ ಹಾಕಿ ಕುಕ್ಕರಗಾಲಿಲೆ ಕುಂತು ನೋಡಿದ್ರು. ಕಿವಿ ತೂತಿನ ಕೆಳಗ ದವಡಿ ಮ್ಯಾಲ ಒಂದ ದೊಡ್ಡ ದುಂಡನ್ನ ಚಿಪ್ಪು, ಗದ್ದದ ಕೆಳಗ ಜೋತುಬಿದ್ದ ಚರ್ಮ, ಕುತ್ತಿಗಿಯಿಂದ ಬೆನ್ನುದ್ದಕ ಬಾಚಣಿಕಿ ಹಲ್ಲಿನಂಗ ಮುಳ್ಳಿನ ಸಾಲು. ಉಡಕ್ಕ ಇವು ಯಾವೂ ಇರಂಗಿಲ್ಲ, ಅದರ ನಾಲಗಿ ಉದ್ದ, ತುದಿ ಸೀಳಿರ್ತೈತಿ. ತಾಟಿನಾಗ ನುಗ್ಗಿ ಸೊಪ್ಪು, ದಾಸವಾಳದ ಹೂವು ಇದ್ದದ್ದು ಕಂಡು ಗಾರ್ಡ್ "ಉಡ ಸೊಪ್ಪು ತಿನ್ನಂಗಿಲ್ರಿ ಅಕ್ಕಾರ, ಇದರ ಕಾಗದಾ ತೋರಸ್ರಿ" ಅಂದ್ರಂತ.

ಕಾಗದಾ ಅಂದ್ರ ಏನು ಅನ್ನೋದು ಇಂಥಾ ಪ್ರಾಣಿ ಸಾಕೋರಿಗೆ ಅರ್ಧಕ್ಕ ಅರ್ಧ ಮಂದಿಗೆ ಗೊತ್ತಿರಂಗಿಲ್ಲ, ಹಿಂಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. 2022ರಾಗ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆತು, 1 ಏಪ್ರಿಲ್ 2023ರಿಂದ ಜಾರಿ. ಕಾಡು ಜೀವಿಗಳ ವ್ಯಾಪಾರಕ್ಕ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟ್ಯಾಗಿರೋ ಹೊರದೇಶದ ಜೀವಿಗಳನ್ನ ಶೆಡ್ಯೂಲ್ 4ರಾಗ ತಂದ್ರು. ಫೆಬ್ರವರಿ 2024ರಾಗ ನಿಯಮ ಬಂತು: ಇಂಥಾ ಜೀವಂತ ಪ್ರಾಣಿ ಇಟ್ಕೊಂಡವರು ಆರ ತಿಂಗಳೊಳಗ, ಅಂದ್ರ ಆಗಸ್ಟ್ 2024ರ ಒಳಗ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಾಗ ನೋಂದಣಿ ಮಾಡ್ಬೇಕು, ಆಮ್ಯಾಲ ಹೊಸದಾಗಿ ತಂದವರು 30 ದಿನದೊಳಗ. ಇಗ್ವಾನಾ, ಸನ್ ಕೊನ್ಯೂರ್ ಎರಡೂ ಆ ಪಟ್ಟ್ಯಾಗ ಬರ್ತಾವ. ಅಂಗಡಿ ಬಿಲ್ ಐತಿ ಅಂದ್ರ ಸಾಲಂಗಿಲ್ಲ.

ಈ ದಂಪತಿ ಪುಣೆ ಗೆಳ್ಯಾನ ಮಾತ ಕೇಳಿ ಗಡುವಿನೊಳಗನ ಮೂರಕ್ಕೂ ಅರ್ಜಿ ಹಾಕಿದ್ರು. ಹಕ್ಕಿದು ಸರ್ಟಿಫಿಕೇಟ್ ಬಂದಿತ್ತು, ಇಗ್ವಾನಾದು ಅರ್ಜಿ ಸ್ವೀಕೃತಿ ಅಷ್ಟ ಇತ್ತು. ಗಾರ್ಡ್ ಅರ್ಜಿ ನಂಬರ್ ಬರಕೊಂಡು, ಫೋಟೋ ತಕ್ಕೊಂಡು, ಪರಿಶೀಲನಾ ಮಾಡಿ ತಿಳಸ್ತೀವಿ ಅಂತ ಹೋದ್ರು. ಮೊದಲನೇ ತಿರುವು ಇದ. ಆ ಸ್ವೀಕೃತಿ ಇರ್ಲಿಲ್ಲ ಅಂದ್ರ ಮುಂದಿನ ಮಾತುಕತಿನ ಆಗ್ತಿರ್ಲಿಲ್ಲ, ನಾನು ಜಾಮೀನು ಅರ್ಜಿ ಬರಿಯಾಕ ಕುಂದರತಿದ್ದೆ.

ಏನೇನ್ ಮಾಡಿ ನೋಡಿದ್ರು

ನನ್ನ ಕಡೆ ಬರೂ ಮೊದಲ ಗಂಡ ಎರಡ ದಾರಿ ಹುಡಕಿದ್ದ. ಒಂದು, ಭೂತರಾಮನಹಟ್ಟಿ ಝೂಗೆ ಕೊಟ್ಟ ಬಿಡೋದು. ಮನ್ಯಾಗ ಸಾಕಿದ್ದನ್ನ ತಗೊಂಡ ಹೋಗಿ ಗೇಟಿನಾಗ ಬಿಟ್ಟ ಬರಾಕ ಝೂ ಅಂದ್ರ ಧರ್ಮಶಾಲಿ ಅಲ್ಲ, ತಗೋಳಂಗಿಲ್ಲ ಅಂದ್ರು. ಇನ್ನೊಂದು, ಖಾನಾಪುರ ಕಾಡಿನಾಗ ಬಿಡೋದು. ಇದನ್ನ ಅವನ ಗೆಳ್ಯಾರು ಪುಣ್ಯದ ಕೆಲಸ ಅಂದಂಗ ಹೇಳಿದ್ರಂತ! ಅಲ್ಲೆ ಭೀಮಗಡ ಅಭಯಾರಣ್ಯ ಐತಿ, ಪಶ್ಚಿಮ ಘಟ್ಟ, ಹೊರಗಿನ ಜೀವಿ ಅಲ್ಲೆ ಬಿಡೋದಂದ್ರ ಅಲ್ಲಿಯ ಜೀವಿಗೂ ಅಪಾಯ, ಇದಕ್ಕೂ ಅಪಾಯ. ಇಗ್ವಾನಾಕ್ಕ ಮೈ ಕಾಯಿಸ್ಕೊಳ್ಳಾಕ 35 ಡಿಗ್ರಿ ಹತ್ರ ಶಾಖಾ ಬೇಕು, ಬೆಳಗಾವಿ ಸೀಮಿ ಮಳಿ ಚಳಿಯೊಳಗ ತಿಂದದ್ದ ಪಚನ ಆಗದ ಸಾಯ್ತೈತಿ. ಮ್ಯಾಲ ಸಾಕಿದ ಪ್ರಾಣಿನ ಉಪವಾಸ ಸಾಯೋ ಪರಿಸ್ಥಿತ್ಯಾಗ ಬಿಟ್ಟ ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧನೂ ಹೌದು. ಹುಬ್ಬಳ್ಳಿ ಸಂಬಂಧಿಕರ ಮನಿಗೆ ಕಳಸೋದು ಅಂತನೂ ಬಂತು, ಆದ್ರ ಒಬ್ರ ಕಡೆಯಿಂದ ಇನ್ನೊಬ್ರ ಕಡೆ ಹೋದ್ರ ಅದನ್ನೂ ಪೋರ್ಟಲಿನಾಗ ತಿಳಿಸಬೇಕು, ಗುಟ್ಟಾಗಿ ಕಳಿಸಿದ್ರ ಇದ್ದ ಒಂದ ಕಾಗದಾನೂ ಕೆಟ್ಟಂಗ.

ಟೀಚರ್ ಕಾನೂನು ನೆರವಿನ ಸಹಾಯವಾಣಿ 15100ಕ್ಕ ಫೋನ್ ಮಾಡಿ ಅಲ್ಲಿಂದ ನನ್ನ ತನಕ ಬಂದ್ರು. ಹೆಣ್ಮಕ್ಕಳಿಗೆ ಆದಾಯ ಎಷ್ಟ ಇದ್ರೂ ಉಚಿತ ಕಾನೂನು ನೆರವು ಸಿಗ್ತೈತಿ, ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987, ಕಲಂ 12. ಅಗ್ರಿಮೆಂಟ್ ಅವರ ಹೆಸರಿಲೆ ಇದ್ದದ್ದು ಹಿಂಗ ಉಪಯೋಗ ಆತು.

ಅಷ್ಟೊತ್ತಿಗೆ ಮಾಲಕ್ರ ವಕೀಲರ ನೋಟಿಸೂ ಬಂದಿತ್ತು, 15 ದಿನದಾಗ ಖಾಲಿ ಮಾಡ್ರಿ ಅಂತ. ದಂಪತಿ ಭಾಳ ಧೈರ್ಯದಾಗಿದ್ರು, ಪ್ರಾಣಿ ಕಾನೂನುಬದ್ಧ ಐತಿ, ಗಾರ್ಡ್ ಏನೂ ಅಂದಿಲ್ಲ, ಇನ್ ಇವರೇನ್ ಬಿಡಸ್ತಾರ ಅಂತ. ನಾ ಅವರಿಗೆ ಹೇಳಿದ್ದು ಅವರಿಗೆ ರುಚಿಸ್ಲಿಲ್ಲ: ಪ್ರಾಣಿ ಸಕ್ರಮ ಇರೋದು ನಿಮಗೂ ಸರ್ಕಾರಕ್ಕೂ ನಡುವಿನ ಮಾತು, ಮನಿ ವಿಷಯ ನಿಮಗೂ ಕಾಕಾಗೂ ನಡುವಿನ ಮಾತು. ಕರ್ನಾಟಕ ಬಾಡಿಗೆ ಅಧಿನಿಯಮ 1999 ಈ ಮನಿಗೆ ತಾಗಂಗನ ಇಲ್ಲ, ಅದರ ಮಿತಿ ಹೆಚ್ಚಂದ್ರ ತಿಂಗಳಿಗೆ 3,500 ರೂಪಾಯಿ ಬಾಡಿಗಿ. ಅದಕ್ಕಿಂತ ಮ್ಯಾಲಿದ್ರ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅಗ್ರಿಮೆಂಟ್ ಅವಧಿ ಮುಗದ ಮ್ಯಾಲೂ ಬಾಡಿಗಿ ತಗೊಂತ ಹೋಗಿದ್ರ ಅದು ತಿಂಗಳ ತಿಂಗಳದ ಬಾಡಿಗಿ ಆಗ್ತೈತಿ, ಕಲಂ 106ರ ಪ್ರಕಾರ 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು, ಕಾರಣಾನ ಕೊಡಬೇಕಂತಿಲ್ಲ. ನಾಯಿ ಸಾಕೋರ ಪರವಾಗಿ ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿ ಅದಾವಲ್ಲ ಅಂತ ಗಂಡ ಮೊಬೈಲ್ ತೋರಿಸಿದ, ಅವು ನಾಯಿ ಬೆಕ್ಕಿನವು, ಇಗ್ವಾನಾಕ್ಕ ಎಳದ್ರ ಹರಿತಾವ.

ಹಂಗಂತ ಮಾಲಕ್ರು ರವಿವಾರ ಸಾಮಾನ ಹೊರಗ ಇಡಾಕ ಬರಂಗಿಲ್ಲ. ನೋಟಿಸ್ ಮುಗದ್ರೂ ದಾವಾ ಹಾಕಿ ಕೋರ್ಟ್ ಆದೇಶದಿಂದನ ಬಿಡಿಸಬೇಕು, ಜುಲ್ಮಿಲೆ ಹೊರಗ ಹಾಕಿದ್ರ ಆರ ತಿಂಗಳೊಳಗ ನಿರ್ದಿಷ್ಟ ಪರಿಹಾರ ಕಾಯ್ದೆ ಕಲಂ 6ರ ಕೆಳಗ ಸ್ವಾಧೀನ ವಾಪಸ್ ಕೇಳಬಹುದು. ಅಂದ್ರ ಕಾನೂನು ಬಾಡಿಗಿದಾರರಿಗೆ ಇಲ್ಲೆ ಮನಿ ಕೊಡಂಗಿಲ್ಲ, ಟೈಮ್ ಕೊಡ್ತೈತಿ. ಆ ಟೈಮ್ ಹೆಂಗ ಖರ್ಚ ಮಾಡ್ತೀರಿ ಅನ್ನೋದ ಇಂಥಾ ಕೇಸಿನಾಗ ನಿರ್ಧಾರ. ಗಂಡನ ಕಡೆಯವರು ದಾವಾ ಹಾಕ್ಲಿ, ವರ್ಷಗಟ್ಲೆ ಎಳಿಯೋಣು ಅಂದ್ರು. ಎಳೀಬಹುದು, ಆದ್ರ ಮಾಲಕ್ರು ಕೆಳಗ, ನೀವು ಮ್ಯಾಲ, ನೀರಿನ ವಾಲ್ವ್ ಅವರ ಕೈಯಾಗ, ಕರೆಂಟ್ ಫ್ಯೂಸ್ ಅವರ ಕೈಯಾಗ, ರಾತ್ರಿ ಬಲ್ಬ್ ಆರಿದ್ರ ಸಾಯೋ ಪ್ರಾಣಿ ನಿಮ್ಮ ಕೈಯಾಗ. ನೀರು ಕರೆಂಟ್ ಬಂದ್ ಮಾಡಬಾರದು, ಜುಲ್ಮಿ ಮಾಡಬಾರದು ಅನ್ನೋ ತಡೆಯಾಜ್ಞೆ ಅರ್ಜಿ ಬರದು ಚೀಲದಾಗ ಇಟ್ಕೊಂಡ್ವಿ, ಹಾಕ್ಲಿಲ್ಲ. ಮೊದಲ ಎರಡೂ ಕಡೆ ಕರದು ಕೂಡ್ಸೋದು ಅಂತ ಪ್ರಾಧಿಕಾರಕ್ಕ ದಾವಾಪೂರ್ವ ಅರ್ಜಿ ಕೊಟ್ವಿ. ನನ್ನ ನೋಟಿಸ್ ಹೋದ ದಿನಾ ಸಂಜೀಗೆ ನೀರ ಬಂತು.

ಗಿಣಿ ವಿಚಾರ

ಇದರ ನಡುವ ಗಂಡ ಒಂದ ಫೋಟೋ ಕಳಿಸಿದ. ಕೆಳಗಿನ ಪಡಸಾಲ್ಯಾಗ ತೂಗಬಿಟ್ಟ ಪಂಜರಾ, ಅದ್ರಾಗ ಆಯಿ ಸಾಕಿದ ಹಸರು ಗಿಣಿ, ಕುತ್ತಿಗಿಗೆ ಗುಲಾಬಿ ಪಟ್ಟಿ. ನಮ್ಮ ಕಡೆ ಹಳ್ಳಿ ಹಳ್ಳ್ಯಾಗ ಇರೋ ಗಿಣಿ. "ವಕೀಲ್ರ, ನಮ್ಮ ಪ್ರಾಣಿಗೆ ಪೇಪರ್ ಐತಿ, ಅವರ ಗಿಣೀಗೆ ಏನೈತಿ? ಇದನ್ನ ಇಲಾಖೆಗೆ ಹಾಕ್ಲ್ಯಾ?"

ಅವ ಹೇಳಿದ್ದ ಕಾನೂನು ಖರೇ. ನಮ್ಮ ದೇಶದ ಆ ಗಿಣಿ 2022ರ ತಿದ್ದುಪಡಿ ಆದಮ್ಯಾಲ ಶೆಡ್ಯೂಲ್ 2ರಾಗ ಐತಿ, ಹಿಡಿಯೋದು, ಮಾರೋದು, ಪಂಜರದಾಗ ಇಡೋದು ಎಲ್ಲಾ ಅಪರಾಧ, ನೋಂದಣಿ ಮಾಡಿ ಸಕ್ರಮ ಮಾಡ್ಕೊಳ್ಳೋ ದಾರಿನೂ ಇಲ್ಲ. ಓಣಿ ಮಂದಿ ಅಂಜಿದ್ದ ಹೊರದೇಶದ ಪ್ರಾಣಿ ಸಕ್ರಮ, ಅವರ ಮನಿ ಮುಂದಿನ ರಾಮ ರಾಮ ಅನ್ನೋ ಗಿಣಿ ಅಕ್ರಮ.

ನಾನು ಕಳಸಬ್ಯಾಡ ಅಂದೆ. ಕಾರಣ ದಯಾ ದಾಕ್ಷಿಣ್ಯ ಅಷ್ಟ ಅಲ್ಲ. ಮನಿ ಬಿಡ್ಸೋದು ನಿಲ್ಲಿಸ್ರಿ ಇಲ್ಲಂದ್ರ ಕೇಸ್ ಹಾಕ್ತೀವಿ ಅಂತ ಕ್ರಿಮಿನಲ್ ಕಂಪ್ಲೇಂಟ್ ತೋರಿಸಿ ಸಿವಿಲ್ ಲಾಭ ಕೇಳೋದು ಬೆದರಿಕಿ ಅಂತ ನಮಗ ತಿರಗತೈತಿ. ಇನ್ನ ಖರೇ ಕಂಪ್ಲೇಂಟ್ ಕೊಟ್ರ ಇಲಾಖೆ ಗಿಣಿ ಒಯ್ತೈತಿ, ಆಯಿ ಅಳ್ತಾಳ, ಮಾಲಕ್ರು ಮುಂದ ಹತ್ತ ವರ್ಷ ಆದ್ರೂ ರಾಜಿಗೆ ಬರಂಗಿಲ್ಲ. ಗಂಡ ನನ್ನ ಮಾತಿಗೆ ಒಪ್ಪಿದಾ ಅನ್ನೂದಕ್ಕಿಂತ ಟೀಚರ್ ಅವನ ಫೋನಿನಾಗಿಂದ ಆ ಫೋಟೋ ತಗಸಿದ್ರು ಅನ್ನೋದು ಬರೋಬ್ಬರಿ. ರಾಜಿ ಆದಮ್ಯಾಲ ನಾನ ಮಾಲಕ್ರಿಗೆ ಬ್ಯಾರೇ ಕರದು ಗಿಣಿ ಬಗ್ಗೆ ಕಾನೂನು ಹೇಳೀನಿ, ಅರಣ್ಯ ಇಲಾಖೆಗೆ ತಾವಾಗೇ ಒಪ್ಪಿಸ್ರಿ ಅಂದೀನಿ. ಅವರು ಆಯಿ ಕಡೆ ಬೊಟ್ಟ ಮಾಡಿ ತೋರಿಸಿದ್ರು.

ಕರೆಂಟ್ ಬಿಲ್ಲು

ಮೊದಲನೇ ಬೈಠಕ್ ಪೂರಾ ಹಾಳು. ಮಾಲಕ್ರು ವಾಸನಿ ಅಂದ್ರು, ಟೀಚರ್ ಬರ್ರಿ ಮೂಸಿ ನೋಡ್ರಿ ಅಂದ್ರು. ಮಾಲಕ್ರು ವಿಷ ಐತಿ ಅಂದ್ರು, ಗಂಡ ಅದು ಸೊಪ್ಪು ತಿನ್ನೋ ಪ್ರಾಣಿ ಅಂತ ಅರ್ಧ ತಾಸು ಪಾಠಾ ಮಾಡಿದ. ಮಾಲಕ್ರು ಮೊಮ್ಮಗಳಿಗೆ ರೋಗ ಬರ್ತೈತಿ ಅಂದದ್ದಕ್ಕ ಮಾತ್ರ ಅರ್ಥ ಇತ್ತು, ಆರಾಮ ಕಾಣೋ ಸರೀಸೃಪದ ಹೊಟ್ಟ್ಯಾಗೂ ಸಾಲ್ಮೊನೆಲ್ಲಾ ಇರ್ತೈತಿ. ಮುಟ್ಟಿದ ಕೈ ಸಾಬಾಣ ಹಚ್ಚಿ ತೊಳೀಬೇಕು, ಅದರ ತಾಟು ಅಡಗಿ ಮನಿ ಸಿಂಕಿನಾಗ ತೊಳೀಬಾರದು, ಸಣ್ಣ ಮಕ್ಕಳನ್ನ ದೂರ ಇಡಬೇಕು. ಪಶುವೈದ್ಯರ ಕಡೆ ಹಿಂಗ ಬರಸ್ಕೊಂಡ ಬರ್ರಿ ಅಂದೆ.

ಎರಡನೇ ಬೈಠಕ್ಕಿನಾಗ ಮಾಲಕ್ರು ಅಂಗಿ ಕಿಸೆದಾಗಿಂದ ನಾಕ ಮಡಿಚಿದ ಕಾಗದಾ ತಗದು ಟೇಬಲ್ ಮ್ಯಾಲ ಒಂದೊಂದ ಬಿಡಿಸಿ ಇಟ್ರು. ಕರೆಂಟ್ ಬಿಲ್. ಬ್ಯಾಸಗಿ ತಿಂಗಳದ್ದು ಶೂನ್ಯ. ಮಳಿಗಾಲ ಹತ್ತಿದಮ್ಯಾಲಿನವು ಸಾವಿರದ ಏಳ್ನೂರು, ಸಾವಿರದ ಒಂಬೈನೂರು. "ಹ್ವಾದ ವರ್ಷನೂ ಹಿಂಗ ಆಗಿತ್ತು, ನಾ ಕೇಳೀನಿ, ಬಾಯಾರ ಏನ್ ಹಚ್ಚೀರಿ ಅಂತ. ಫ್ಯಾನ್ ಅಷ್ಟ ಕಾಕಾ ಅಂದ್ರಿ. ಮಳಿಗಾಲದಾಗ ಯಾರರ ಫ್ಯಾನ್ ಹಚ್ಚತಾರ?"

ಲೆಕ್ಕಾ ಅಲ್ಲೇ ಮಾಡಿದ್ವಿ. ಇಗ್ವಾನಾಕ್ಕ 100 ವ್ಯಾಟಿನ ಹೀಟರ್ ಬಲ್ಬು, ಚಳಿ ದಿನಾ ಇಡೀ ದಿನಾ ಹಚ್ಚಿದ್ರ 2.4 ಯೂನಿಟ್, ತಿಂಗಳಿಗೆ 72. ಗೃಹಜ್ಯೋತಿ ಒಳಗ 2022-23ರ ಸರಾಸರಿ ಬಳಕಿ ಮ್ಯಾಲ ಸ್ವಲ್ಪ ಕೂಡ್ಸಿ ಬರೋವಷ್ಟ ಫ್ರೀ, ಒಟ್ಟ 200 ಯೂನಿಟ್ ದಾಟಿತು ಅಂದ್ರ ಇಡೀ ಬಿಲ್ಲ ಕಟ್ಟಬೇಕು. ಎರಡ ಮಜಲಿ ಸೇರಿ ಮೊದಲ 160ರ ಆಸುಪಾಸ ಇದ್ದ ಮನಿ, ಮ್ಯಾಲ 72 ಬಿದ್ರ 200 ದಾಟಲಾರದ ಏನು. ಬ್ಯಾಸಗ್ಯಾಗ ಬಲ್ಬ್ ಬ್ಯಾಡ, ಬಿಲ್ ಶೂನ್ಯ. ಮಾಲಕ್ರು ಒಂದ ವರ್ಷದಿಂದ ಯಾರೋ ತಮಗ ಸುಳ್ಳ ಹೇಳಾಕತ್ತಾರ ಅಂತ ಮನಸ್ಸಿನಾಗ ಇಟ್ಕೊಂಡು ಓಡ್ಯಾಡ್ಯಾರ, ಪ್ಲಂಬರ್ ಹೇಳಿದ ಉಡದ ಸುದ್ದಿ ಅದಕ್ಕ ಬೆಂಕಿ ಹಚ್ಚೇತಿ ಅಷ್ಟ.

ನಾವೆಲ್ಲಾ ವನ್ಯಜೀವಿ ಕಾಯ್ದೆ ಓದ್ಕೊಂಡ ಹೋಗಿದ್ವಿ, ಜಗಳ ಇದ್ದದ್ದು ಮೀಟರಿನಾಗ. ಟೀಚರ್ ಸುಮ್ಮನ ಕುಂತ್ರು, ಆಮ್ಯಾಲ "ಕಾಕಾ, ಫ್ಯಾನ್ ಅಂದದ್ದ ತಪ್ಪಾತ್ರಿ, ಹೇಳಿದ್ರ ಬಿಡಸ್ತೀರಿ ಅಂತ ಅಂಜಿದ್ವಿ" ಅಂದ್ರು. ಇಂಥಾ ಮಾತು ವಕೀಲರ ಮುಂದ ಯಾರೂ ಒಪ್ಪಂಗಿಲ್ಲ, ಒಪ್ಪಬ್ಯಾಡ್ರಿ ಅಂತ ನಾವ ಹೇಳ್ತೀವಿ. ಆದ್ರ ಆ ಮಾತಿಲ್ಲದ ಮಾಲಕ್ರು ಮುಂದಿನ ಷರತ್ತಿಗೆ ಬರ್ತಿರ್ಲಿಲ್ಲ ಅಂತ ನನಗ ಅನಸ್ತೈತಿ.

ಕಡೀಕ ಏನಾತು

ಮನಿ ಉಳೀಲಿಲ್ಲ. ಮಾಲಕ್ರು ಅಷ್ಟಕ್ಕ ಮಾತ್ರ ಬಗ್ಗಲಿಲ್ಲ, ನನಗೂ ಅವರ ಹಕ್ಕದು ಅನ್ನಸ್ತು. ಆದ್ರ ರವಿವಾರದ ಬದ್ಲಿ ಶಾಲಿ ಪರೀಕ್ಷಾ ಮುಗಿಯೋ ತನಕ ಟೈಮ್ ಸಿಕ್ತು. ಶೂನ್ಯ ಬರಬೇಕಾಗಿದ್ದ ತಿಂಗಳಗಳ ಬಿಲ್ಲಿನಾಗ ಅರ್ಧ ಟೀಚರ್ ಕೊಟ್ರು. ಮ್ಯಾಲಿನ ಮಜಲಿಗೆ ಸಬ್ ಮೀಟರ್ ಕೂಡ್ಸಿದ್ರು, ಖರ್ಚು ಬಾಡಿಗಿದಾರರದು, 200 ದಾಟಿದ ತಿಂಗಳ ಪೂರಾ ಬಿಲ್ ಅವರ ಕಟ್ಟೋದು. ಹಕ್ಕಿ ಪಂಜರಾ ರಸ್ತೆ ಕಡೆ ಬಾಲ್ಕನಿಯಿಂದ ಹಿಂದಿನ ಖೋಲಿಗೆ ಹೋತು, ಮುಂಜಾನೆ ತಡಾ ಮಾಡಿ ಪರದಾ ತಗಿಯೋದು. ನೀರು ಕರೆಂಟಿಗೆ ಮಾಲಕ್ರು ಕೈ ಹಚ್ಚಂಗಿಲ್ಲ. ಇದೆಲ್ಲಾ ಲೋಕ ಅದಾಲತ್ತಿನಾಗ ಬರಸಿದ್ವಿ, ಅದು ಸಿವಿಲ್ ಕೋರ್ಟ್ ಡಿಕ್ರಿಗೆ ಸಮ, ಮ್ಯಾಲ ಅಪೀಲಿಲ್ಲ. ಎರಡೂ ಕಡೆ ಚೂಪಿರೋ ಕಾಗದಾ ಇದು: ಮಾಲಕ್ರು ನಡುವ ತಿರಗಾಕ ಬರಂಗಿಲ್ಲ, ಬಾಡಿಗಿದಾರರೂ ಆ ದಿನಾಂಕ ದಾಟಿ ಕುಂದ್ರಾಕ ಬರಂಗಿಲ್ಲ, ಹೊಸಾ ದಾವಾ ಇಲ್ಲದ ಸೀದಾ ಅಮಲ್ಜಾರಿ. ಸಹಿ ಮಾಡೂ ಮುಂದ ಇದನ್ನ ಟೀಚರ್‌ಗೆ ಎರಡ ಸಲ ಓದಿ ಹೇಳಿದ್ದೆ.

ಮನಿ ಹುಡಕೋದು ಸಲೀಸಾಗಲಿಲ್ಲ. ಈ ಸಲ ಅವರು ಮೊದಲ ಫೋನ್ ತಗದು ಇಗ್ವಾನಾ ಫೋಟೋ, ಹಕ್ಕಿ ಸರ್ಟಿಫಿಕೇಟ್ ತೋರಿಸಿ ಆಮ್ಯಾಲ ಬಾಡಿಗಿ ಕೇಳತಿದ್ರು. ಭಾಳ ಮಂದಿ ಬಾಗಲದಾಗಿಂದನ ಕಳಿಸಿದ್ರು, ಒಬ್ಬರು ಮಾಂಸ ತಿಂತೈತೇನು ಅಂತ ಅಷ್ಟ ಕೇಳಿದ್ರಂತ. ಕಡೀಕ ಮಚ್ಛೆ ಕಡೆ ಒಂದ ಸಿಕ್ತು, ಬ್ಯಾರೇ ಆರ್.ಆರ್. ನಂಬರ್, ಅಂದ್ರ ತನ್ನದ ಕರೆಂಟ್ ಮೀಟರ್ ಇರೋ ಮನಿ, ಡಿಪಾಸಿಟ್ ಜಾಸ್ತಿ. ಆ ಅಗ್ರಿಮೆಂಟ್ ನಾನ ಬರದೆ. ಪ್ರಾಣಿ ಸಾಕಬಹುದು ಅಂತ ಮೋಘಮ್ ಬರೀಲಿಲ್ಲ, ಯಾವ ಜಾತಿ, ಎಷ್ಟು, ನೋಂದಣಿ ಅಥವಾ ಅರ್ಜಿ ನಂಬರ್ ಏನು, ಯಾವ ಖೋಲ್ಯಾಗ ಇರ್ತೈತಿ, ಗೋಡಿ ಹಾಳಾದ್ರ ಬಣ್ಣದ ಖರ್ಚ ಯಾರದು, ಇಷ್ಟೂ ಬರದು ಫೋಟೋ ಲಗತ್ತ ಮಾಡಿದ್ವಿ.

ಹಳೇ ಮನಿ ಡಿಪಾಸಿಟ್ಟಿನಾಗ 7,000 ಕಡಿತ ಆತು. ಇಗ್ವಾನಾಕ್ಕ ದಿನಾ ನೀರ ಸಿಂಪಡಿಸ್ತಿದ್ರು, ಹಿಂದಿನ ಖೋಲಿ ಒಂದ ಗೋಡಿ ಬೂಜು ಹಿಡಿದಿತ್ತು. ಮಳಿಗಾಲದಾಗ ಬೆಳಗಾವ್ಯಾಗ ಯಾರ ಮನಿ ಗೋಡಿಗೆ ಬೂಜು ಬರಂಗಿಲ್ಲ ಅಂತ ಗಂಡ ಇನ್ನೂ ವಾದಾ ಮಾಡ್ತಾನ, ಅವನ ಮಾತಿನಾಗೂ ಅರ್ಥ ಐತಿ, ಹೊಕ್ಕಾಗಿನ ಗೋಡಿ ಫೋಟೋ ಇದ್ರ 7,000 ಕೇಳಬಹುದಿತ್ತು. ಇರ್ಲಿಲ್ಲ. ಇಗ್ವಾನಾದ ಸರ್ಟಿಫಿಕೇಟ್ ಮನಿ ಬಿಟ್ಟಮ್ಯಾಲ ಬಂತು, ಹಳೇ ವಿಳಾಸದ ಮ್ಯಾಲ, ಈಗ ವಿಳಾಸ ಬದಲಾವಣಿಗೆ ಇಲಾಖೆಗೆ ಬರದ ಕೊಟ್ಟಾರ.